ಆರ್ಕ್ ಹೊತ್ತಿಕೊಳ್ಳುವ ಮೊದಲೇ ಶುರುವಾಗುವ ತಪಾಸಣೆ

ಡಿಪ್ಲೊಮಾ ಅಥವಾ ಐಟಿಐ ಮುಗಿಸಿ ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್ಡುಗಳಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಕೆಲವರಿಗಾದರೂ ಮುಂದೆ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಬೇಕೆಂಬ ಆಸೆ ಇರುತ್ತದೆ. ಅವರು ನನ್ನಲ್ಲಿ ಮೊದಲು ಕೇಳುವುದು ಯಾವ ಸರ್ಟಿಫಿಕೇಟ್ ಮಾಡಿದರೆ ಒಳ್ಳೆಯದು, ಗಲ್ಫ್‌ನಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ ಎಂದು. ಆ ಪ್ರಶ್ನೆಗೆ ಈ ಬರಹದ ಕೊನೆಯ ಭಾಗದಲ್ಲಿ ಉತ್ತರಿಸುತ್ತೇನೆ. ಅದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ವೆಲ್ಡಿಂಗ್ ಮುಗಿದ ಮೇಲೆ ಟಾರ್ಚ್ ಹಿಡಿದು ನೋಡುವುದು ಈ ಉದ್ಯೋಗದ ಸಣ್ಣ ಭಾಗ ಮಾತ್ರ. ಜೋಡಣೆಯ ಗುಣಮಟ್ಟವು ಹೆಚ್ಚಿನ ಮಟ್ಟಿಗೆ ಆರ್ಕ್ (ಲೋಹವನ್ನು ಕರಗಿಸುವ ವಿದ್ಯುತ್ ಕಿಡಿ) ಹೊತ್ತಿಕೊಳ್ಳುವ ಮೊದಲೇ ನಿರ್ಧಾರವಾಗಿರುತ್ತದೆ, ಮತ್ತು ನಮ್ಮ ಕರಾವಳಿಯ ಹವೆಯಲ್ಲಿ ಈ ಮಾತು ಬೇರೆಡೆಗಿಂತ ಹೆಚ್ಚು ನಿಜ.

ಮಂಗಳೂರು ಮತ್ತು ಉಡುಪಿಯ ಆಸುಪಾಸಿನಲ್ಲಿ ಈ ಕೆಲಸಕ್ಕೆ ಕ್ಷೇತ್ರ ಕಡಿಮೆಯೇನಲ್ಲ. ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಪಣಂಬೂರಿನ ಗೊಬ್ಬರದ ಕಾರ್ಖಾನೆ, ನವಮಂಗಳೂರು ಬಂದರಿನ ಸುತ್ತಲಿನ ಶೇಖರಣಾ ಟ್ಯಾಂಕುಗಳು, ಮಂಗಳೂರು ಮತ್ತು ಪಾದೂರಿನ ಭೂಗತ ಕಚ್ಚಾತೈಲ ಸಂಗ್ರಹಾಗಾರಗಳಿಗೆ ಹೋಗುವ ಕೊಳವೆಗಳು, 2021ರ ಜನವರಿಯಲ್ಲಿ ಉದ್ಘಾಟನೆಗೊಂಡ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗ, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ, ಮಲ್ಪೆಯ ಹಡಗು ಕಟ್ಟುವ ಯಾರ್ಡ್ ಎಲ್ಲವೂ ವೆಲ್ಡಿಂಗ್ ಮೇಲೆಯೇ ನಿಂತಿವೆ. ಆದರೆ ಇವೆಲ್ಲಕ್ಕೂ ಅನ್ವಯಿಸುವ ನಿಯಮಪುಸ್ತಕ, ಅಂದರೆ ಕೋಡ್, ಒಂದೇ ಅಲ್ಲ. ಶೇಖರಣಾ ಟ್ಯಾಂಕಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ 650, ಪ್ರೊಸೆಸ್ ಪೈಪಿಂಗ್‌ಗೆ (ಕಾರ್ಖಾನೆಯೊಳಗಿನ ಕೊಳವೆಗಳಿಗೆ) ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಎಎಸ್‌ಎಂಇ ಬಿ31.3, ಒತ್ತಡದ ಪಾತ್ರೆಗಳಿಗೆ ಎಎಸ್‌ಎಂಇ ಸೆಕ್ಷನ್ 8, ದೂರದ ಕೊಳವೆಮಾರ್ಗಕ್ಕೆ ಎಪಿಐ 1104, ಬಾಯ್ಲರಿಗೆ 1950ರ ಭಾರತೀಯ ಬಾಯ್ಲರ್ ನಿಯಮಾವಳಿ, ಹಡಗಿಗೆ ವರ್ಗೀಕರಣ ಸಂಸ್ಥೆಯ ನಿಯಮಗಳು. ಒಂದೇ ಅಳತೆಯ ಅಂಡರ್‌ಕಟ್ (ವೆಲ್ಡಿನ ಅಂಚಿನಲ್ಲಿ ಲೋಹ ಕೊರೆದು ಉಳಿದ ತೋಡು) ಒಂದು ಕಡೆ ಪಾಸಾಗಬಹುದು, ಇನ್ನೊಂದು ಕಡೆ ರಿಪೇರಿಗೆ ಹೋಗಬಹುದು. ಆದ್ದರಿಂದ ಇನ್‌ಸ್ಪೆಕ್ಟರ್ ಸೈಟಿಗೆ ಕಾಲಿಟ್ಟ ದಿನ ಕೇಳಬೇಕಾದ ಮೊದಲ ಪ್ರಶ್ನೆ, ಈ ಕೆಲಸಕ್ಕೆ ಅನ್ವಯಿಸುವ ಕೋಡ್ ಯಾವುದು, ಅದರ ಯಾವ ವರ್ಷದ ಆವೃತ್ತಿ, ಮತ್ತು ಗ್ರಾಹಕರು ಅದರ ಮೇಲೆ ಹೆಚ್ಚುವರಿಯಾಗಿ ಏನು ಹೇಳಿದ್ದಾರೆ ಎಂಬುದು. ಕೋಡ್ ತಿಳಿಯದೆ ಕೊಟ್ಟ ತೀರ್ಪು ಎಷ್ಟು ಅನುಭವಿ ಕೊಟ್ಟರೂ ಸ್ವಂತ ಅಭಿಪ್ರಾಯವೇ ಹೊರತು ತಪಾಸಣೆಯಲ್ಲ.

ಇನ್ನು ಕಾಗದಪತ್ರ. ಹೊಸಬರಿಗೆ ಇದು ಬೇಸರದ ಭಾಗ, ಆದರೆ ಇದೇ ಅಡಿಪಾಯ. ಡಬ್ಲ್ಯೂಪಿಎಸ್ ಎಂದರೆ ವೆಲ್ಡಿಂಗ್ ಹೇಗೆ ಮಾಡಬೇಕು ಎಂದು ಬರೆದಿಟ್ಟ ವಿಧಾನಪತ್ರ. ಆ ವಿಧಾನದಿಂದ ಸರಿಯಾದ ಜೋಡಣೆ ಬರುತ್ತದೆ ಎಂಬುದಕ್ಕೆ ಪರೀಕ್ಷೆಯ ಸಾಕ್ಷಿಯನ್ನು ಪಿಕ್ಯೂಆರ್ ಕೊಡುತ್ತದೆ. ಈ ವೆಲ್ಡರಿಗೆ ಅದನ್ನು ಮಾಡುವ ಕೈಚಳಕ ಇದೆ ಎಂಬುದಕ್ಕೆ ಪುರಾವೆ ಡಬ್ಲ್ಯೂಪಿಕ್ಯೂ. ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ ವಿಧಾನವನ್ನು ಸಾಬೀತುಪಡಿಸಲು ಪರೀಕ್ಷಾ ತುಂಡಿನಿಂದ ಸಾಮಾನ್ಯವಾಗಿ ಎರಡು ಟೆನ್ಸೈಲ್ (ಎಳೆದು ನೋಡುವ) ಮತ್ತು ನಾಲ್ಕು ಬೆಂಡ್ (ಬಗ್ಗಿಸಿ ನೋಡುವ) ಮಾದರಿಗಳನ್ನು ಕತ್ತರಿಸುತ್ತಾರೆ. ಬಗ್ಗಿಸಿದ ಮಾದರಿಯ ಉಬ್ಬಿದ ಮೇಲ್ಮೈಯಲ್ಲಿ 3 ಮಿಲಿಮೀಟರಿಗಿಂತ ದೊಡ್ಡ ಬಿರುಕು ಬಾಯಿ ಬಿಟ್ಟರೆ ಅದು ಫೇಲ್. ಲೋಹದ ಗುಂಪು, ವೆಲ್ಡಿಂಗ್ ಪ್ರಕ್ರಿಯೆ, ಫಿಲ್ಲರ್‌ನ (ಸಂದಿಗೆ ತುಂಬುವ ಲೋಹದ) ವರ್ಗ, ದಪ್ಪದ ವ್ಯಾಪ್ತಿ ಮುಂತಾದ ಮುಖ್ಯ ಅಂಶಗಳಲ್ಲಿ ಒಂದು ಮಿತಿ ಮೀರಿ ಬದಲಾದರೂ ಹಳೆಯ ಪಿಕ್ಯೂಆರ್ ಕೆಲಸಕ್ಕೆ ಬಾರದು, ಹೊಸದಾಗಿ ಪರೀಕ್ಷೆ ನಡೆಯಬೇಕು. ಹಾಗೆಯೇ ಒಬ್ಬ ವೆಲ್ಡರ್ ಒಂದು ಪ್ರಕ್ರಿಯೆಯಲ್ಲಿ ಆರು ತಿಂಗಳು ಕೈ ಆಡಿಸದಿದ್ದರೆ ಆ ಪ್ರಕ್ರಿಯೆಯ ಮಟ್ಟಿಗೆ ಅವರ ಅರ್ಹತೆ ಕೊನೆಗೊಳ್ಳುತ್ತದೆ. ನಮ್ಮಲ್ಲಿ ಶಟ್‌ಡೌನ್ (ಕಾರ್ಖಾನೆ ನಿಲ್ಲಿಸಿ ಮಾಡುವ ದುರಸ್ತಿ) ಕೆಲಸಕ್ಕೆಂದು ಬಂದು ಹೋಗುವ ವೆಲ್ಡರುಗಳು ಬಹಳ ಮಂದಿ ಇರುವುದರಿಂದ, 6ಜಿ ಕಾರ್ಡ್ (ಓರೆಯಾಗಿ ನಿಲ್ಲಿಸಿದ ಪೈಪಿನ ವೆಲ್ಡಿಂಗ್ ಪರೀಕ್ಷೆ ಪಾಸಾದ ಕಾರ್ಡ್) ಕೈಯಲ್ಲಿದೆ ಎಂದ ಮಾತ್ರಕ್ಕೆ ಒಪ್ಪದೆ, ಕಳೆದ ಆರು ತಿಂಗಳಲ್ಲಿ ಕೆಲಸ ಮಾಡಿದ ದಾಖಲೆಯನ್ನು ಕೇಳಿ ನೋಡುವ ಅಭ್ಯಾಸ ಬೇಕು.

ಪ್ಲೇಟಿನ ಹೀಟ್ ನಂಬರ್ (ಯಾವ ಸಲ ಕರಗಿಸಿದ ಉಕ್ಕು ಎಂದು ಹೇಳುವ ಸಂಖ್ಯೆ) ವಿಷಯವೂ ಇಲ್ಲಿಗೇ ಸೇರುತ್ತದೆ. ಮಿಲ್ಲಿನಿಂದ ಬಂದ ಪ್ಲೇಟಿನ ಮೇಲೆ ಒತ್ತಿದ ಸಂಖ್ಯೆ ಮತ್ತು ಟೆಸ್ಟ್ ಸರ್ಟಿಫಿಕೇಟಿನಲ್ಲಿರುವ ಸಂಖ್ಯೆ ಒಂದೇ ಆಗಿರಬೇಕು. ಪ್ಲೇಟನ್ನು ಕತ್ತರಿಸುವ ಮುನ್ನ ಆ ಸಂಖ್ಯೆಯನ್ನು ಪ್ರತಿ ತುಂಡಿಗೂ ವರ್ಗಾಯಿಸಬೇಕು. ಕತ್ತರಿಸಿದ ಮೇಲೆ ಸಂಖ್ಯೆ ಇಲ್ಲದೆ ಮೂಲೆಯಲ್ಲಿ ಉಳಿದ ತುಂಡು ಯಾವ ಉಕ್ಕು ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ, ಮತ್ತು ಅವಸರದ ದಿನ ಕೈಗೆ ಸಿಗುವುದು ಅಂಥ ತುಂಡೇ. ಸರ್ಟಿಫಿಕೇಟನ್ನು ಬರೀ ಹೊಂದಿಸಿ ನೋಡಿದರೆ ಸಾಲದು, ಅದರಲ್ಲಿರುವ ರಾಸಾಯನಿಕ ಪ್ರಮಾಣವನ್ನು ಓದಿ ಕಾರ್ಬನ್ ಸಮಾನಾಂಕವನ್ನು ಲೆಕ್ಕ ಹಾಕಲು ಕಲಿಯಿರಿ. ಕಾರ್ಬನ್ನಿಗೆ ಮ್ಯಾಂಗನೀಸಿನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ ಮತ್ತು ವನೇಡಿಯಂ ಮೊತ್ತದ ಐದನೇ ಒಂದು ಭಾಗ, ನಿಕ್ಕಲ್ ಮತ್ತು ತಾಮ್ರದ ಮೊತ್ತದ ಹದಿನೈದನೇ ಒಂದು ಭಾಗವನ್ನು ಕೂಡಿಸಬೇಕು. ಕಾರ್ಬನ್ ಶೇ. 0.20, ಮ್ಯಾಂಗನೀಸ್ ಶೇ. 1.20 ಇದ್ದರೆ ಅಲ್ಲಿಗೇ 0.40 ಆಯಿತು. ಈ ಅಂಕಿ ಏರಿದಷ್ಟೂ, ಪ್ಲೇಟ್ ದಪ್ಪವಾದಷ್ಟೂ, ವೆಲ್ಡಿನ ಪಕ್ಕದ ಲೋಹ ಬೇಗ ತಣಿದು ಗಡುಸಾಗುವ ಅಪಾಯ ಹೆಚ್ಚುತ್ತದೆ. ಪ್ರೀಹೀಟ್ (ವೆಲ್ಡಿಂಗಿಗೆ ಮೊದಲು ಪ್ಲೇಟನ್ನು ಬಿಸಿ ಮಾಡುವುದು) ಏಕೆ ಬೇಕು ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಈಗ ಕರಾವಳಿಯವರಾದ ನಾವು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ವಿಷಯಕ್ಕೆ ಬರುತ್ತೇನೆ, ಅದು ತೇವಾಂಶ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಮಳೆಯಿಲ್ಲದ ದಿನವೂ ಸಮುದ್ರದ ಗಾಳಿ ನೀರನ್ನು ಹೊತ್ತು ತರುವ ಊರಿನಲ್ಲಿ ಲೋ-ಹೈಡ್ರೋಜನ್ ರಾಡನ್ನು (ಹೈಡ್ರೋಜನ್ ಕಡಿಮೆ ಬಿಡುವ ಲೇಪದ ವೆಲ್ಡಿಂಗ್ ಕಡ್ಡಿಯನ್ನು) ಬಯಲಲ್ಲಿ ಬಿಟ್ಟರೆ, ಆಷಾಢದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟ ಹಲಸಿನ ಹಪ್ಪಳದಂತೆ ಅದರ ಲೇಪ ಗಾಳಿಯ ಪಸೆಯನ್ನು ಹೀರಿಕೊಳ್ಳುತ್ತದೆ. ವ್ಯತ್ಯಾಸವೆಂದರೆ ರಾಡನ್ನು ಮುಟ್ಟಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಆ ನೀರು ಆರ್ಕಿನ ತಾಪದಲ್ಲಿ ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ, ಕರಗಿದ ಲೋಹ ಅದನ್ನು ಒಳಗೆಳೆದುಕೊಳ್ಳುತ್ತದೆ. ಲೋಹ ತಣಿದಂತೆ ಹೈಡ್ರೋಜನ್ನಿಗೆ ಒಳಗೆ ಜಾಗ ಸಾಲದೆ ಅದು ಗಡುಸಾದ ಭಾಗಕ್ಕೆ, ಎಳೆತ ಹೆಚ್ಚಿರುವ ಕಡೆಗೆ ಸರಿಯುತ್ತದೆ. ಹೈಡ್ರೋಜನ್, ಗಡುಸಾದ ಲೋಹ, ಎಳೆತ, ತಣಿದ ಉಷ್ಣತೆ ಇವು ಒಟ್ಟಾಗಿ ಸೇರಿದಾಗ ಬಿರುಕು ಹುಟ್ಟುತ್ತದೆ. ಭಯ ಹುಟ್ಟಿಸುವ ಸಂಗತಿ ಏನೆಂದರೆ ಈ ಬಿರುಕು ವೆಲ್ಡಿಂಗ್ ಮುಗಿದ ತಕ್ಷಣ ಕಾಣಿಸಬೇಕೆಂದಿಲ್ಲ. ಒಂದೆರಡು ದಿನ ಕಳೆದ ಮೇಲೂ, ಕೆಲವೊಮ್ಮೆ ಇನ್ನೂ ತಡವಾಗಿಯೂ ಬರಬಹುದು. ಅತಿ ಬಲಿಷ್ಠವಾದ ಕೆಲವು ಉಕ್ಕುಗಳ ಅಂತಿಮ ತಪಾಸಣೆಯನ್ನು ಕನಿಷ್ಠ 48 ಗಂಟೆಗಳ ನಂತರವೇ ಮಾಡಬೇಕೆಂದು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಉಕ್ಕಿನ ರಚನೆಗಳ ಕೋಡ್ ಆದ ಎಡಬ್ಲ್ಯೂಎಸ್ ಡಿ1.1 ಹೇಳುವುದು ಇದೇ ಕಾರಣಕ್ಕೆ. ಸಂಜೆ ಮುಗಿದ ಜಾಯಿಂಟಿಗೆ ಸಂಜೆಯೇ ಸಹಿ ಹಾಕಿಸಿಕೊಳ್ಳಲು ಅವಸರ ಮಾಡುವವರಿಗೆ ಇದನ್ನು ತಾಳ್ಮೆಯಿಂದ ವಿವರಿಸಬೇಕಾಗುತ್ತದೆ.

ಇ7018 ರಾಡಿನ ಹೆಸರಿನಲ್ಲೇ ಅರ್ಥವಿದೆ: 70 ಎಂದರೆ ಚದರ ಇಂಚಿಗೆ 70 ಸಾವಿರ ಪೌಂಡ್ ಎಳೆತ ತಡೆಯುವ ಬಲ, ಅಂದರೆ ಸುಮಾರು 490 ಮೆಗಾಪಾಸ್ಕಲ್. 1 ಎಂದರೆ ಎಲ್ಲ ಪೊಸಿಶನ್ನುಗಳಿಗೂ ಸಲ್ಲುವಂಥದ್ದು, 8 ಎಂದರೆ ಕಬ್ಬಿಣದ ಪುಡಿ ಸೇರಿದ ಲೋ-ಹೈಡ್ರೋಜನ್ ಲೇಪ. ಡಿ1.1ರ ಪ್ರಕಾರ ಮೊಹರಿನ ಡಬ್ಬದಿಂದ ತೆಗೆದ ಈ ರಾಡನ್ನು ಕನಿಷ್ಠ 120 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿಡಬೇಕು, ಹೊರಗೆ ತೆರೆದ ಗಾಳಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಮಿತಿ ಮೀರಿದ್ದನ್ನು 260ರಿಂದ 430 ಡಿಗ್ರಿಯಲ್ಲಿ ಕನಿಷ್ಠ ಎರಡು ಗಂಟೆ ಬೇಕ್ ಮಾಡಬಹುದು, ಅದೂ ಒಂದೇ ಸಲ. ಒದ್ದೆಯಾದ ರಾಡನ್ನಂತೂ ಬಳಸುವಂತೆಯೇ ಇಲ್ಲ. ಈ ಅಂಕಿಗಳು ಎಲ್ಲರಿಗೂ ಬಾಯಿಪಾಠ. ಸೈಟಿನಲ್ಲಿ ನಡೆಯುವುದು ಬೇರೆ. ಮದರ್ ಓವನ್ನಿನಿಂದ ತೆಗೆದ ರಾಡುಗಳು ವೆಲ್ಡರಿನ ಪಕ್ಕದ ಪೋರ್ಟೆಬಲ್ ಓವನ್ನಿಗೆ ಬರುತ್ತವೆ, ಆದರೆ ಆ ಓವನ್ನಿನ ವೈರ್ ಬೋರ್ಡಿಗೆ ತಾಗಿಸಿರುವುದಿಲ್ಲ, ಏಕೆಂದರೆ ಇರುವ ಒಂದೇ ಪ್ಲಗ್ಗಿಗೆ ಗ್ರೈಂಡರ್ ಹಾಕಿರುತ್ತಾರೆ. ಮುಚ್ಚಳ ತೆರೆದು ಕೈ ಇಟ್ಟರೆ ತಣ್ಣಗಿರುತ್ತದೆ. ಕೇಳಿದರೆ, “ಪ್ಯಾಕೆಟ್ ಈಗ ಮಾತ್ರ ಒಡೆದದ್ದು ಸಾರ್” ಎಂಬ ಉತ್ತರ ಬರುತ್ತದೆ. ಆಗ ದಬಾಯಿಸುವುದರಿಂದ ಪ್ರಯೋಜನವಿಲ್ಲ. “ಹೌದಣ್ಣ, ಆದರೆ ಕೊಟ್ಟ ಹೊತ್ತು ಎಷ್ಟೂಂತ ಸ್ಟೋರಿನ ರಿಜಿಸ್ಟರ್ ನೋಡುವ” ಎಂದು ಜೊತೆಯಲ್ಲೇ ಸ್ಟೋರಿಗೆ ನಡೆದರೆ ವಿಷಯ ತನ್ನಷ್ಟಕ್ಕೆ ಇತ್ಯರ್ಥವಾಗುತ್ತದೆ. ರಾಡ್ ಕೊಟ್ಟ ಸಮಯ, ಉಳಿದ ರಾಡ್ ಹಿಂತಿರುಗಿಸಿದ ಸಮಯ, ಬ್ಯಾಚ್ ನಂಬರ್ ಮೂರೂ ಆ ಪುಸ್ತಕದಲ್ಲಿ ಇರಬೇಕು. ಪೋರ್ಟೆಬಲ್ ಓವನ್ನಿಗೆ ಬೇರೆಯೇ ಪ್ಲಗ್ ಪಾಯಿಂಟ್ ಕೊಡಿಸುವುದು ಕೂಡ ಇನ್‌ಸ್ಪೆಕ್ಟರರ ಕೆಲಸವೆಂದೇ ನಾನು ಭಾವಿಸುತ್ತೇನೆ. ಯಾವ ಕೋಡಿನಲ್ಲೂ ಹಾಗೆ ಬರೆದಿಲ್ಲ, ಆದರೆ ಬಿರುಕು ತಡೆಯುವುದು ಆ ಪ್ಲಗ್ ಪಾಯಿಂಟೇ.

ಗಾಳಿಯ ವಿಚಾರವೂ ಇದೇ ಬಗೆಯದು. ಆರ್ಗಾನ್ ಅಥವಾ ಸಿಒ2 ಗ್ಯಾಸಿನ ರಕ್ಷಣೆಯಲ್ಲಿ ನಡೆಯುವ ವೆಲ್ಡಿಂಗಿಗೆ ಡಿ1.1 ಇಟ್ಟಿರುವ ಗಾಳಿಯ ಮಿತಿ ಗಂಟೆಗೆ 8 ಕಿಲೋಮೀಟರ್ ಮಾತ್ರ. ಪಣಂಬೂರು, ತಣ್ಣೀರುಬಾವಿಯ ಕಡೆ ಮಧ್ಯಾಹ್ನದ ಮೇಲೆ ಬೀಸುವ ಕಡಲ ಗಾಳಿಗೆ ಇದನ್ನು ಮೀರುವುದು ಕಷ್ಟವೇನಲ್ಲ. ಟಾರ್ಪಾಲಿನ ಮರೆ ಕಟ್ಟದೆ ಬಯಲಿನಲ್ಲಿ ಆರ್ಗಾನ್ ರೂಟ್ (ಜೋಡಣೆಯ ತಳದ ಮೊದಲ ಪದರ) ಹಾಕಿದರೆ ಗ್ಯಾಸು ಹಾರಿಹೋಗಿ ಒಳಗೆ ಪೊರೋಸಿಟಿ (ಸಣ್ಣ ಗಾಳಿಗುಳ್ಳೆಗಳು) ಉಳಿಯುತ್ತದೆ. ಕಿರಣ ಹಾಯಿಸಿ ತೆಗೆದ ಫಿಲ್ಮ್ ಬಂದ ಮೇಲೆ ಕತ್ತರಿಸಿ ರಿಪೇರಿ ಮಾಡುವುದಕ್ಕಿಂತ ಮಧ್ಯಾಹ್ನಕ್ಕೆ ಮೊದಲು ಮರೆ ಕಟ್ಟಿಸುವುದು ಎಷ್ಟೋ ಅಗ್ಗ.

ಫಿಟಪ್ ತಪಾಸಣೆಯನ್ನು (ವೆಲ್ಡ್ ಮಾಡುವ ಮುನ್ನ ತುಂಡುಗಳನ್ನು ಹೊಂದಿಸಿಟ್ಟ ಬಗೆಯನ್ನು ನೋಡುವುದನ್ನು) ಬಹಳ ಜನ ಹಾಯ್ದು ಹೋಗುವಾಗ ನೋಡಿ ಮುಗಿಸುತ್ತಾರೆ, ಅದು ಸರಿಯಲ್ಲ. ರೂಟ್ ಗ್ಯಾಪ್ (ತಳದಲ್ಲಿ ಬಿಡುವ ಸಂದು), ಬೆವೆಲ್ ಕೋನ (ಅಂಚನ್ನು ಓರೆಯಾಗಿ ಕತ್ತರಿಸಿದ ಕೋನ), ರೂಟ್ ಫೇಸ್ (ಓರೆ ಮಾಡದೆ ಬಿಟ್ಟ ತಳದ ಅಂಚು), ಎರಡು ಪೈಪುಗಳ ಒಳಮೈ ಒಂದೇ ಮಟ್ಟದಲ್ಲಿದೆಯೇ ಎಂಬ ಹೈ-ಲೋ ಇವನ್ನು ಪೈಪಿನ ಸುತ್ತಲೂ ಬೇರೆ ಬೇರೆ ಕಡೆ ಅಳೆಯಬೇಕು. ಮೇಲ್ಗಡೆ ಸರಿಯಿದ್ದ ಗ್ಯಾಪ್ ಕೆಳಗೆ ಮುಚ್ಚಿಕೊಂಡಿರುವುದು ಸಾಮಾನ್ಯ, ಮತ್ತು ರೂಟ್ ಪೂರ್ತಿ ಇಳಿಯದೆ ಉಳಿಯುವುದು ಅಲ್ಲೇ. ತುಂಡುಗಳನ್ನು ಹಿಡಿದಿಡಲು ಹಾಕುವ ಚಿಕ್ಕ ಟ್ಯಾಕ್ ವೆಲ್ಡುಗಳೂ ಅರ್ಹ ವೆಲ್ಡರಿನ ಕೈಯಿಂದಲೇ ಬಂದಿರಬೇಕು, ಏಕೆಂದರೆ ಅವು ಮುಖ್ಯ ವೆಲ್ಡಿನೊಳಗೆ ಸೇರಿಹೋಗುತ್ತವೆ.

ವೆಲ್ಡಿಂಗ್ ನಡೆಯುತ್ತಿರುವಾಗ ಮಾಡಬೇಕಾದ ಒಂದು ಲೆಕ್ಕವನ್ನು ಮಾತ್ರ ಹೇಳುತ್ತೇನೆ, ಅದು ಹೀಟ್ ಇನ್‌ಪುಟ್, ಅಂದರೆ ವೆಲ್ಡಿಗೆ ಸೇರುವ ಶಾಖ. ವೋಲ್ಟೇಜನ್ನು ಆಂಪಿಯರಿನಿಂದಲೂ 60ರಿಂದಲೂ ಗುಣಿಸಿ, ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಸಾಗಿತು ಎಂಬುದರ ಸಾವಿರ ಪಟ್ಟಿನಿಂದ ಭಾಗಿಸಿದರೆ ಮಿಲಿಮೀಟರಿಗೆ ಇಷ್ಟು ಕಿಲೋಜೂಲ್ ಎಂಬ ಉತ್ತರ ಸಿಗುತ್ತದೆ. 24 ವೋಲ್ಟ್, 120 ಆಂಪಿಯರ್, ನಿಮಿಷಕ್ಕೆ 150 ಮಿಲಿಮೀಟರ್ ವೇಗವಿದ್ದರೆ 1.15 ಕಿಲೋಜೂಲ್. ಅದೇ ವೆಲ್ಡರ್ ದಣಿದೋ, ಅಗಲವಾಗಿ ಬೀಸುತ್ತಲೋ 100 ಮಿಲಿಮೀಟರಿಗೆ ಇಳಿದರೆ ಅದು 1.73ಕ್ಕೆ ಏರುತ್ತದೆ. ಮೆಷಿನಿನ ಮೀಟರ್ ಒಂದಿಷ್ಟೂ ಬದಲಾಗಿರುವುದಿಲ್ಲ. ಇಂಪ್ಯಾಕ್ಟ್ ಪರೀಕ್ಷೆ (ಬಡಿದು ನೋಡುವ ಪರೀಕ್ಷೆ) ಬೇಡುವ ಉಕ್ಕಿನಲ್ಲಿ ಈ ಏರಿಕೆ ಲೋಹದ ತಾಳಿಕೆಯನ್ನು ಕುಗ್ಗಿಸುತ್ತದೆ. ಆದ್ದರಿಂದ ಜೇಬಿನಲ್ಲಿ ಒಂದು ಸ್ಟಾಪ್‌ವಾಚ್, ಒಂದು ಟೇಪು ಸದಾ ಇರಲಿ.

ವೆಲ್ಡಿಂಗ್ ಮುಗಿದ ನಂತರದ ಕಣ್ಣಿನ ತಪಾಸಣೆಗೂ ಕ್ರಮವಿದೆ. ಎಎಸ್‌ಎಂಇ ಸೆಕ್ಷನ್ 5ರ ಪ್ರಕಾರ ಕಣ್ಣು ಮೇಲ್ಮೈಯಿಂದ 600 ಮಿಲಿಮೀಟರಿನೊಳಗೆ, 30 ಡಿಗ್ರಿಗಿಂತ ಕಡಿಮೆಯಿಲ್ಲದ ಕೋನದಲ್ಲಿ, ಬೆಳಕು ಕನಿಷ್ಠ 1,000 ಲಕ್ಸ್ ಇರಬೇಕು. ಎರಡು ಪ್ಲೇಟುಗಳು ಸೇರುವ ಮೂಲೆಯಲ್ಲಿ ಹಾಕುವ ತ್ರಿಕೋನಾಕಾರದ ಫಿಲೆಟ್ ವೆಲ್ಡನ್ನು ಅಳೆಯುವುದನ್ನೇ ತೆಗೆದುಕೊಳ್ಳಿ. ಎರಡು ಕಾಲುಗಳೂ (ಪ್ಲೇಟುಗಳಿಗೆ ತಾಗಿದ ಬದಿಗಳು) 6 ಮಿಲಿಮೀಟರ್ ಇರುವ ಸಮತಟ್ಟಾದ ಫಿಲೆಟಿನ ಥ್ರೋಟ್ (ಮೂಲೆಯಿಂದ ವೆಲ್ಡಿನ ಮುಖದವರೆಗಿನ ದಪ್ಪ), ಕಾಲಿನ 0.707 ಪಟ್ಟು, ಅಂದರೆ ಸುಮಾರು 4.2 ಮಿಲಿಮೀಟರ್ ಬರಬೇಕು. ವೆಲ್ಡಿನ ಮುಖ ಒಳಕ್ಕೆ ಬಾಗಿದ್ದರೆ ಕಾಲುಗಳನ್ನು ಮಾತ್ರ ಅಳೆದವರಿಗೆ 6 ಸಿಗುತ್ತದೆ, ಕೆಲಸ ಪಾಸಾಗುತ್ತದೆ, ಆದರೆ ಭಾರ ಹೊರುವ ಥ್ರೋಟ್ 3.5 ಮಾತ್ರ ಇರಬಹುದು. ಆಗ ಫಿಲೆಟ್ ಅಳೆಯುವ ಗೇಜಿನಲ್ಲಿ ಥ್ರೋಟ್ ನೋಡುವ ಇನ್ನೊಂದು ಎಲೆಯನ್ನು ತೆಗೆದು, ಎರಡೂ ಪ್ಲೇಟುಗಳಿಗೆ ಅದರ ಅಂಚು ಗಟ್ಟಿಯಾಗಿ ಕೂರುವಂತೆ ಇಟ್ಟು, ನಡುವಿನ ಮೊನೆ ವೆಲ್ಡಿನ ಮುಖಕ್ಕೆ ತಾಗುತ್ತದೆಯೇ ಎಂದು ನೋಡಬೇಕು. ಮೊನೆಯ ಕೆಳಗೆ ಬೆಳಕು ಹಾಯ್ದರೆ ವೆಲ್ಡ್ ಸಣ್ಣದು. ಗೇಜಿನ ಅಂಚಿಗೆ ಸ್ಪ್ಯಾಟರಿನ ಒಂದು ಕಾಳು ಸಿಕ್ಕಿದರೂ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ಮೊದಲು ಬ್ರಶ್ ಹಾಕಿ ಶುಚಿ ಮಾಡಿಸಿ.

ಎನ್‌ಡಿಟಿಯ (ಜೋಡಣೆಯನ್ನು ಕೆಡಿಸದೆ ಮಾಡುವ ಪರೀಕ್ಷೆಗಳ) ಬಗ್ಗೆ ಹೊಸಬರಲ್ಲಿ ಇರುವ ಅತಿಯಾದ ನಂಬಿಕೆಯ ಕುರಿತು ಎರಡು ಮಾತು. ಕಿರಣ ಹಾಯಿಸಿ ಫಿಲ್ಮ್ ತೆಗೆಯುವ ರೇಡಿಯೋಗ್ರಫಿಯಲ್ಲಿ ಪೊರೋಸಿಟಿ, ಸ್ಲ್ಯಾಗ್ (ಒಳಗೆ ಸಿಕ್ಕಿಕೊಂಡ ಕಿಟ್ಟ) ಚೆನ್ನಾಗಿ ಕಾಣುತ್ತವೆ. ಆದರೆ ಬೆವೆಲಿನ ಓರೆಗೋಡೆಯಲ್ಲಿ ವೆಲ್ಡ್ ಬೆಸೆಯದೆ ಉಳಿದ ತೆಳ್ಳನೆಯ ದೋಷವು ಕಿರಣದ ದಾರಿಗೆ ಓರೆಯಾಗಿರುವುದರಿಂದ ಫಿಲ್ಮಿನಲ್ಲಿ ಮೂಡದೆಯೇ ಹೋಗಬಹುದು. 30 ಡಿಗ್ರಿ ಬೆವೆಲಿನ ಅದೇ ದೋಷಕ್ಕೆ ಅಲ್ಟ್ರಾಸಾನಿಕ್‌ನ 60 ಡಿಗ್ರಿ ಪ್ರೋಬಿನ ಅಲೆ ನೇರವಾಗಿ ಬಡಿಯುತ್ತದೆ, ಹಾಗಾಗಿ ಅಲ್ಲಿ ಸ್ಪಷ್ಟ ಪ್ರತಿಧ್ವನಿ ಸಿಗುತ್ತದೆ. ಯಾವ ದೋಷವನ್ನು ಹುಡುಕುತ್ತಿದ್ದೇವೆ ಎಂದು ಗೊತ್ತಿದ್ದರೆ ಮಾತ್ರ ಯಾವ ಪರೀಕ್ಷೆ ಬೇಕೆಂದು ಹೇಳಬಹುದು. ಪೆನೆಟ್ರೆಂಟ್ ಎಂಬ ಬಣ್ಣದ ದ್ರವ ಹಚ್ಚಿ ಮೇಲ್ಮೈಯ ಬಿರುಕು ಹುಡುಕುವ ಡಿಪಿ ಟೆಸ್ಟಿಗೆ ಸಾಮಾನ್ಯ ಉಷ್ಣತೆಯ ವ್ಯಾಪ್ತಿ 5ರಿಂದ 52 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿನಲ್ಲಿ ಬಿದ್ದ ಪ್ಲೇಟು ಈ ಮೇಲ್ಮಿತಿಯನ್ನು ದಾಟಬಹುದು, ಪೆನೆಟ್ರೆಂಟ್ ಬೇಗ ಒಣಗಿ ಬಿರುಕು ಕಾಣದೆ ಹೋಗಬಹುದು. ಜೊತೆಗೆ ಬಿ31.3ರ ಸಾಮಾನ್ಯ ವರ್ಗದ ಪೈಪಿಂಗಿನಲ್ಲಿ ರೇಡಿಯೋಗ್ರಫಿಯಂಥ ಪರೀಕ್ಷೆಗೆ ಒಳಪಡುವುದು ಸುತ್ತು ವೆಲ್ಡುಗಳಲ್ಲಿ ಕನಿಷ್ಠ ಶೇ. 5 ಮಾತ್ರ ಎಂಬುದನ್ನು ನೆನಪಿಡಿ. ಉಳಿದ ಜಾಯಿಂಟುಗಳ ಭರವಸೆ ನಿಂತಿರುವುದು ಮೇಲೆ ಹೇಳಿದ ಓವನ್, ಫಿಟಪ್ ಮತ್ತು ವೆಲ್ಡರಿನ ಅರ್ಹತೆಯ ಮೇಲೆ.

ಕಂಡ ಪ್ರತಿ ಗುರುತೂ ತಿರಸ್ಕಾರಕ್ಕೆ ಕಾರಣವಲ್ಲ ಎಂಬುದನ್ನೂ ಹೊಸ ಇನ್‌ಸ್ಪೆಕ್ಟರುಗಳು ತಿಳಿದಿರಬೇಕು. ಕೋಡಿನ ಮಿತಿಯೊಳಗಿರುವ ಅಂಡರ್‌ಕಟ್ಟನ್ನು ಚೆಂದ ಕಾಣುವುದಿಲ್ಲ ಎಂಬ ಕಾರಣಕ್ಕೆ ಅಗೆಸಿ ಮತ್ತೆ ವೆಲ್ಡ್ ಮಾಡಿಸಿದರೆ, ಆ ಜಾಗಕ್ಕೆ ಇನ್ನೊಮ್ಮೆ ಶಾಖ ಕೊಟ್ಟು ಹೊಸ ಎಳೆತವನ್ನೂ ಸೇರಿಸಿದಂತಾಗುತ್ತದೆ. ಬೇಡದ ರಿಪೇರಿ ಜಾಯಿಂಟನ್ನು ಕೆಡಿಸಬಲ್ಲದು. ತಿರಸ್ಕರಿಸುವಾಗ ಜಾಯಿಂಟ್ ನಂಬರ್, ಗುರುತಿನ ಬಿಂದುವಿನಿಂದ ದೂರ, ದೋಷದ ಉದ್ದ ಆಳ, ಕೋಡಿನ ಯಾವ ಕಲಮು ಎಂಬಿಷ್ಟನ್ನೂ ಬರೆಯಿರಿ. “ವೆಲ್ಡಿಂಗ್ ಸರಿಯಿಲ್ಲ” ಎಂದು ಬರೆದ ವರದಿಯಿಂದ ವೆಲ್ಡರಿಗೂ ಉಪಯೋಗವಿಲ್ಲ, ಮುಂದೆ ಓದುವವರಿಗೂ ಇಲ್ಲ.

ಈಗ ಸರ್ಟಿಫಿಕೇಟಿನ ಮಾತು. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಸಿಡಬ್ಲ್ಯೂಐ ಪರೀಕ್ಷೆಯಲ್ಲಿ ಮೂರು ಭಾಗಗಳಿವೆ: ಪುಸ್ತಕ ನೋಡದೆ ಬರೆಯುವ ಮೂಲತತ್ತ್ವ, ವೆಲ್ಡಿನ ಮಾದರಿಗಳನ್ನು ಗೇಜಿನಿಂದ ಅಳೆಯುವ ಪ್ರಾಯೋಗಿಕ ಭಾಗ, ಮತ್ತು ನೀವೇ ಆರಿಸಿಕೊಂಡ ಕೋಡ್ ಪುಸ್ತಕವನ್ನು ತೆರೆದಿಟ್ಟು ಉತ್ತರಿಸುವ ಭಾಗ. ಪ್ರತಿ ಭಾಗದಲ್ಲೂ ಶೇ. 72 ಬೇಕು. ಸರ್ಟಿಫಿಕೇಟಿನ ಅವಧಿ ಮೂರು ವರ್ಷ. ಬ್ರಿಟನ್ನಿನ ಸಿಎಸ್‌ಡಬ್ಲ್ಯೂಐಪಿ 3.1ರಲ್ಲಿ ಪ್ಲೇಟ್ ಮತ್ತು ಪೈಪಿನ ವೆಲ್ಡನ್ನು ನೋಡಿ ದೋಷಗಳ ನಕ್ಷೆ ಬಿಡಿಸಿ ವರದಿ ಬರೆಯಬೇಕು, ಅಡ್ಡಕೊಯ್ದ ಮ್ಯಾಕ್ರೋ ಮಾದರಿಯನ್ನೂ ಓದಬೇಕು. ಅದರ ಅವಧಿ ಐದು ವರ್ಷ. ಅಮೆರಿಕದ ಕೋಡುಗಳೇ ಬಳಕೆಯಲ್ಲಿರುವ ಕೆಲಸಕ್ಕೆ ಮೊದಲನೆಯದು ಹೊಂದುತ್ತದೆ. ಬರೆದು ವಿವರಿಸುವ ಶಿಸ್ತು ಬರಬೇಕೆಂದರೆ ಎರಡನೆಯದರ ತಯಾರಿ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಎಸ್‌ಎನ್‌ಟಿ ಲೆವೆಲ್ 2 ಇವೆರಡಕ್ಕೂ ಬದಲಿಯಲ್ಲ. ಅದು ನಿರ್ದಿಷ್ಟ ಎನ್‌ಡಿಟಿ ವಿಧಾನದ ಅರ್ಹತೆ.

ಕೋಡ್ ಭಾಗಕ್ಕೆ ಓದುವಾಗ ಬಾಯಿಪಾಠಕ್ಕೆ ಹೋಗಬೇಡಿ. ವಿಷಯಸೂಚಿ ಮತ್ತು ಕೋಷ್ಟಕಗಳ ಜಾಗ ಕೈಗೆ ಅಭ್ಯಾಸವಾಗಬೇಕು, ಕೋಷ್ಟಕದ ಅಡಿಟಿಪ್ಪಣಿಗಳನ್ನು ತಪ್ಪದೆ ಓದಬೇಕು, ಏಕೆಂದರೆ ವಿನಾಯಿತಿಗಳೆಲ್ಲ ಅಲ್ಲೇ ಅಡಗಿರುತ್ತವೆ. ಸಿಡಬ್ಲ್ಯೂಐಗೆ 12 ಇಂಚಿನಿಂದ ಸಣ್ಣ ಅಕ್ಷರ ಓದಬಲ್ಲ ದೃಷ್ಟಿಯ ದಾಖಲೆ ಬೇಕಾಗುತ್ತದೆ. ಕನ್ನಡಕ ಹಾಕಿ ಓದಿದರೂ ನಡೆಯುತ್ತದೆ, ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಕಣ್ಣಿನ ಡಾಕ್ಟರರನ್ನು ಕಂಡುಬನ್ನಿ. ಪ್ರೌಢಶಿಕ್ಷಣ ಮುಗಿಸಿದವರಿಗೆ ಐದು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಓದು ಹೆಚ್ಚಿದಂತೆ ಆ ಅವಧಿ ಕಡಿಮೆಯಾಗುತ್ತದೆ. ಅನುಭವವನ್ನು ಕೆಲಸ ಕೊಟ್ಟವರೇ ದೃಢೀಕರಿಸಬೇಕಾದುದರಿಂದ, ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ಪ್ರಾಜೆಕ್ಟ್, ಯಾವ ಕೋಡ್, ಯಾವ ಪ್ರಕ್ರಿಯೆ, ನೀವು ಏನನ್ನು ಅಳೆದಿರಿ ಎಂದು ದಿನಾಂಕದ ಸಮೇತ ಬರೆದಿಟ್ಟು, ಪ್ರತಿ ಪ್ರಾಜೆಕ್ಟ್ ಮುಗಿಯುವಾಗ ಅಲ್ಲಿನ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಮುಖ್ಯಸ್ಥರ ಸಹಿ ಹಾಕಿಸಿಕೊಳ್ಳಿ. ಕಾಂಟ್ರಾಕ್ಟರ್ ಬೇರೆ ಊರಿಗೆ ಹೋದ ಮೇಲೆ ಆ ಸಹಿಗಾಗಿ ಅಲೆಯುವುದು ಕಷ್ಟ.